ಸಂಶೋಧನೆ ಸರಕಾಗುವಾಗ ಉಪ್ಪಾಗೆ ಮರಕ್ಕೆ ಏನಾಯಿತು?

ಕೃಷಿ ವಿಶ್ವವಿದ್ಯಾಲಯಗಳ ಅಂಗಳದಲ್ಲಿ ಈಗ ಒಂದೇ ಮಂತ್ರಪಠಣ. ಸಂಶೋಧನೆ ಕಪಾಟಿನಲ್ಲಿ ಕೊಳೆಯಬಾರದು, ಸರಕಾಗಿ ಪೇಟೆಗೆ ಬರಬೇಕು, ಅದಕ್ಕೆ ಸಣ್ಣ ಉದ್ದಿಮೆಯೇ ದಾರಿ ಎಂದು. ನವೋದ್ಯಮ, ಪೇಟೆಂಟ್, ಪರವಾನಗಿ, ಮೌಲ್ಯವರ್ಧನೆ ಎಂಬ ಶಬ್ದಗಳಿಲ್ಲದೆ ಯಾವ ವಿಚಾರಸಂಕಿರಣವೂ ಮುಗಿಯುವುದಿಲ್ಲ. ನನ್ನ ಮಹಾಪ್ರಬಂಧವೂ ಎಲ್ಲೋ ಒಂದು ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಿರುವುದರಿಂದ ಈ ಮಾತಿನಲ್ಲಿರುವ ನೋವು ನನಗೆ ಅರ್ಥವಾಗುತ್ತದೆ. ವಿರೋಧಿಸಲು ಹೊರಟವನಲ್ಲ ನಾನು. ಆದರೆ ಮಲೆನಾಡಿನವರಾದ ನಾವು ಈ ಮಂತ್ರದ ಫಲವನ್ನು ಒಮ್ಮೆ ಉಂಡವರು. ಉಂಡದ್ದನ್ನು ಮರೆತು ಮತ್ತೆ ಎಲೆ ಹಾಸಿ ಕುಳಿತುಕೊಳ್ಳಬಾರದು.

ಉಪ್ಪಾಗೆಯ ಕಥೆಯನ್ನೇ ನೋಡೋಣ. ಅದರ ಹುಳಿ ಯಾವ ಆಮ್ಲದ್ದು ಎಂಬ ವಿಷಯದಲ್ಲಿ ವಿಜ್ಞಾನಿಗಳಿಗೆ ಬಹುಕಾಲ ತಪ್ಪು ಕಲ್ಪನೆಯಿತ್ತು. 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಖಚಿತಪಡಿಸಿದರು. ಲೂಯಿಸ್ ಅವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯವರು. ಸಾರ್ವಜನಿಕ ಹಣದಲ್ಲಿ ನಡೆದ, ಯಾರಿಗೂ ಕೇಡು ಬಯಸದ, ಶುದ್ಧ ಕುತೂಹಲದ ಕೆಲಸ ಅದು. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ತಂಡವೊಂದು, ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು ತೋರಿಸಿತು. ಎಪ್ಪತ್ತರ ದಶಕದಲ್ಲಿ ರೋಶ್ ಔಷಧ ಕಂಪನಿಯ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಅದರಿಂದ ಪೇಟೆಗೆ ಔಷಧವೇನೂ ಬರಲಿಲ್ಲ. ವಿಷಯ ಅಲ್ಲಿಗೇ ತಣ್ಣಗಾಯಿತು.

ಅದನ್ನು ಮತ್ತೆ ಬಿಸಿಮಾಡಿದವರು ದೊಡ್ಡ ಕಂಪನಿಗಳವರಲ್ಲ, ಆಹಾರಪೂರಕಗಳ ಸಣ್ಣಪುಟ್ಟ ಉದ್ಯಮಿಗಳು. 1994ರಲ್ಲಿ ಅಮೆರಿಕವು ಒಂದು ಕಾನೂನು ಮಾಡಿ, ಇಂತಹ ಪೂರಕಗಳನ್ನು ಮಾರುವ ಮೊದಲು ಅವುಗಳ ಪರಿಣಾಮವನ್ನು ಸರ್ಕಾರದೆದುರು ರುಜುವಾತು ಮಾಡಬೇಕಾದ ಅಗತ್ಯವಿಲ್ಲವೆಂದಿತು. ಇಲಿಯ ಮೇಲಿನ ಪ್ರಯೋಗ ಮನುಷ್ಯರ ತೂಕ ಇಳಿಸುವ ಗುಳಿಗೆಯಾಗಲು ಹೆಚ್ಚು ಸಮಯ ಬೇಕಾಗಲಿಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 135 ಸ್ಥೂಲಕಾಯರ ಮೇಲೆ 12 ವಾರ ನಡೆಸಿದ ಪರೀಕ್ಷೆಯ ವರದಿ ಪ್ರಕಟವಾಯಿತು. ಉಪ್ಪಾಗೆಯ ಸಾರ ನುಂಗಿದವರು ಸರಾಸರಿ 3.2 ಕಿಲೊ ಇಳಿದಿದ್ದರು. ಏನೂ ಇಲ್ಲದ ಹುಸಿ ಗುಳಿಗೆ ನುಂಗಿದವರು 4.1 ಕಿಲೊ ಇಳಿದಿದ್ದರು! ವ್ಯಾಪಾರ ನಿಲ್ಲಲಿಲ್ಲ.

ಅತ್ತ ಗುಳಿಗೆ ಓಡುತ್ತಿದ್ದ ವರ್ಷಗಳಲ್ಲಿ ಇತ್ತ ನಮ್ಮ ಘಟ್ಟದಲ್ಲಿ ಏನಾಯಿತು? ನಾನಾಗ ಹೈಸ್ಕೂಲು ವಿದ್ಯಾರ್ಥಿ. ಅದುವರೆಗೆ ಉಪ್ಪಾಗೆಯೆಂದರೆ ಮನೆಯ ಹುಳಿ, ಬೀಜದಿಂದ ತೆಗೆದ ತುಪ್ಪ, ಅಷ್ಟೆ. ಒಮ್ಮೆಲೇ ಸಿಪ್ಪೆಗೆ ಬೆಲೆ ಬಂತು. ಹಣ್ಣಾಗಿ ಉದುರುವ ತನಕ ಕಾಯುವ ವ್ಯವಧಾನ ಯಾರಿಗೂ ಉಳಿಯಲಿಲ್ಲ, ಏಕೆಂದರೆ ಇಂದು ನಾನು ಬಿಟ್ಟ ಕಾಯನ್ನು ನಾಳೆ ಇನ್ನೊಬ್ಬ ಕೊಯ್ಯುತ್ತಾನೆ. ಹಸಿರು ಕಾಯನ್ನೇ ದೋಟಿಯಿಂದ ಎಳೆದೆವು. ದೋಟಿಗೆ ಎಟುಕದಿದ್ದರೆ ಕೊಂಬೆಯನ್ನೇ ಕಡಿದೆವು. ಕೆಲವೆಡೆ ಮರವನ್ನೇ ಉರುಳಿಸಿದರು. ನಾನೂ ಕೊಯ್ದವನೇ, ಆ ವರ್ಷದ ಪಠ್ಯಪುಸ್ತಕಗಳು ಉಪ್ಪಾಗೆಯ ಹಣದಿಂದಲೇ ಬಂದವು. ಫಸಲು ಬರುವುದು ಜಡಿಮಳೆಯ ತಿಂಗಳುಗಳಲ್ಲಿ, ಬಿಸಿಲಿಲ್ಲ. ಸಿಪ್ಪೆ ಒಣಗಬೇಕಾದರೆ ಹಗಲಿರುಳು ಒಲೆ ಉರಿಯಬೇಕು. ಆ ಸೌದೆಯೂ ಅದೇ ಕಾಡಿನದು. ಉಪ್ಪಾಗೆಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಕಾಯಿ ಕೊಡದ ಗಂಡುಮರ ಸೌದೆಗೆ ಹೋದರೆ ಹೆಣ್ಣುಮರದ ಗತಿಯೇನೆಂದು ಕೇಳುವವರಿರಲಿಲ್ಲ. ಹಣ್ಣು ತಿಂದು ಬೀಜ ಹರಡುವ ಸಿಂಗಳೀಕ, ಮುಸುವಗಳ ಪಾಲಂತೂ ಯಾರ ಲೆಕ್ಕದಲ್ಲೂ ಇರಲಿಲ್ಲ. ಅಘನಾಶಿನಿ ಕಣಿವೆಯನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು 2011ರಲ್ಲಿ.

ಕಳೆದ ವರ್ಷ ಒಂದು ತರಬೇತಿ ಶಿಬಿರದಲ್ಲಿ ವಿದ್ಯಾರ್ಥಿಗಳು ಸಿದ್ಧಪಡಿಸಿದ ಉದ್ದಿಮೆ ಯೋಜನೆಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂತು. ಅವುಗಳಲ್ಲಿ ಉಪ್ಪಾಗೆಯದೂ ಒಂದಿತ್ತು. ಯಂತ್ರದ ಬೆಲೆ, ಬ್ಯಾಂಕ್ ಸಾಲ, ಬಾಟಲಿ, ಲೇಬಲ್ಲಿನ ಬಣ್ಣ ಎಲ್ಲಕ್ಕೂ ಅಂಕಣಗಳಿದ್ದವು. ಕಚ್ಚಾವಸ್ತುವಿನ ಅಂಕಣದಲ್ಲಿ ಒಂದೇ ಸಾಲು: ಕಾಡಿನಲ್ಲಿ ಯಥೇಚ್ಛವಾಗಿ ಲಭ್ಯ. ಎಷ್ಟು ಮರ, ಯಾರ ಬೆಟ್ಟದ್ದು, ಯಾವ ತಿಂಗಳು, ಎಷ್ಟು ಬಿಡಬೇಕು ಎಂಬುದಕ್ಕೆ ಅಂಕಣವೇ ಇರಲಿಲ್ಲ. ಆ ಹುಡುಗನನ್ನು ದೂರಲಾರೆ. ನಮೂನೆ ಅಚ್ಚುಮಾಡಿ ಕೊಟ್ಟವರು ನಾವು, ವಿಜ್ಞಾನಿಗಳು. ಹತ್ತು ವರ್ಷಗಳ ಹಿಂದೆ ಅಂಥದೇ ನಮೂನೆಗೆ ನಾನೇ ಸಹಿ ಹಾಕಿದ್ದುಂಟು.

ಕಾಡಿನವರಿಗೆ ಪಾಲು ಕೊಟ್ಟರಾಯಿತು, ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅವರು ಕೇರಳದ ಕಾಣಿ ಜನರ ಉದಾಹರಣೆಯನ್ನು ಕೊಡುತ್ತಾರೆ. ಅದು ನಿಜವಾಗಿಯೂ ದೊಡ್ಡ ಉದಾಹರಣೆಯೇ. 1987ರಲ್ಲಿ ಅಗಸ್ತ್ಯಮಲೆಯಲ್ಲಿ ದಾರಿ ತೋರಿಸಲು ಬಂದ ಕಾಣಿಗಳು ದಣಿವಾಗದಂತೆ ಒಂದು ಗಿಡದ ಹಣ್ಣು ತಿನ್ನುತ್ತಿದ್ದುದನ್ನು ವಿಜ್ಞಾನಿಗಳು ಕಂಡರು. ಆ ಆರೋಗ್ಯಪಚ್ಚ ಗಿಡದಿಂದ ತಿರುವನಂತಪುರದ ಬಳಿಯ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆಯು 'ಜೀವನಿ' ಎಂಬ ಔಷಧವನ್ನು ರೂಪಿಸಿತು. 1995ರಲ್ಲಿ ಕೊಯಮತ್ತೂರಿನ ಆಯುರ್ವೇದ ಕಂಪನಿಯೊಂದಕ್ಕೆ 10 ಲಕ್ಷ ರೂಪಾಯಿ ಹಾಗೂ ಶೇ. 2ರ ಗೌರವಧನಕ್ಕೆ ಪರವಾನಗಿ ನೀಡಿ, ಅದರ ಅರ್ಧವನ್ನು ಕಾಣಿಗಳಿಗೆ ಕೊಡಲು ಒಪ್ಪಿತು. 1997ರಲ್ಲಿ ಕಾಣಿಗಳ ಟ್ರಸ್ಟ್ ನೋಂದಣಿಯಾಯಿತು. 1999ರಲ್ಲಿ 5 ಲಕ್ಷಕ್ಕೂ ಮಿಕ್ಕಿ ಹಣ ಅದರ ಖಾತೆಗೆ ಸಂದಿತು. ಜೀವವೈವಿಧ್ಯ ಕಾನೂನು ಹುಟ್ಟುವ ಮೊದಲೇ ಇಷ್ಟು ಮಾಡಿದವರ ಪ್ರಾಮಾಣಿಕತೆಗೆ ತಲೆಬಾಗಬೇಕು. ಆದರೆ ಮುಂದೇನಾಯಿತು? ಗಿಡ ಕಾಡಿನ ನೆರಳಿನದು. ಎಲೆ ಕೀಳುವುದಕ್ಕೆ ಅರಣ್ಯ ಇಲಾಖೆಯ ತಕರಾರು ಬಂತು, ಎಲೆಯ ಪೂರೈಕೆ ಕುಂಟಿತು. ಪ್ರಯೋಗಾಲಯದ ಬಾಗಿಲಿನಿಂದ ಅಂಗಡಿಯ ಬಾಗಿಲಿನವರೆಗೆ ಒಪ್ಪಂದವಿತ್ತು. ಗಿಡದ ಬುಡದಲ್ಲಿ ಒಪ್ಪಂದವಿರಲಿಲ್ಲ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮೂರಿನ ಸಮಿತಿಯ ಸದಸ್ಯರು ಯಾರೆಂದು ವಿಚಾರಿಸಿ ನೋಡಿ; ಸದಸ್ಯರಿಗೇ ಗೊತ್ತಿರದ ಸಂಭವವುಂಟು. 2023ರ ತಿದ್ದುಪಡಿಯು ಈ ಕಾಯ್ದೆಯಲ್ಲಿದ್ದ ಜೈಲುಶಿಕ್ಷೆಯನ್ನು ತೆಗೆದು ದಂಡವನ್ನು ಮಾತ್ರ ಉಳಿಸಿತು. ಉದ್ದಿಮೆಗೆ ಅನುಕೂಲವಾಗಲೆಂದೇ ತಂದ ತಿದ್ದುಪಡಿ ಅದು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಡುತ್ತದೆ. ಒಡೆತನವಿದ್ದವನು ಹಸಿರು ಕಾಯಿ ಕೊಯ್ಯುವುದಿಲ್ಲ. ಒಂದು ಮಳೆಗಾಲದ ಹರಾಜು ಹಿಡಿದ ಗುತ್ತಿಗೆದಾರ ಕೊಯ್ಯುತ್ತಾನೆ, ಅವನಿಗೆ ಮಾರುವ ಬಡವನೂ ಕೊಯ್ಯುತ್ತಾನೆ. ಇದನ್ನು ಅರ್ಥಮಾಡಿಕೊಳ್ಳಲು ಡಾಕ್ಟರೇಟ್ ಬೇಕಿಲ್ಲ.

ನಮ್ಮ ಚಳವಳಿಯ ಗೆಳೆಯರಿಗೂ ಒಂದು ಮಾತು. ಕಾಡಿನಿಂದ ಏನನ್ನೂ ಮಾರಲೇಬಾರದು ಎಂಬ ಶುದ್ಧಾಂತಃಕರಣದ ನಿಲುವು ಸಂಬಳ ಬರುವ ನನ್ನಂಥವನಿಗೆ ಸುಲಭ. ಮಳೆಗಾಲದಲ್ಲಿ ಕೂಲಿಯಿಲ್ಲದ ಮನೆಗೆ ಉಪ್ಪಾಗೆಯೇ ಅಕ್ಕಿ. ಅವರೆದುರು ನಿಂತು ಬೇಡವೆನ್ನುವ ಹಕ್ಕು ನಮಗಿಲ್ಲ. ಹೇಗೆ ಎಂಬುದನ್ನು ಅವರೊಡನೆ ಕುಳಿತು ತೀರ್ಮಾನಿಸುವ ಹೊಣೆ ಮಾತ್ರ ಇದೆ.

ಸಂಶೋಧನೆ ಸರಕಾಗಲಿ, ಆದರೆ ಯಾವ ಸಂಶೋಧನೆ? ಅರ್ಧ ಸೌದೆಯಲ್ಲಿ ಸಿಪ್ಪೆ ಒಣಗಿಸುವ ಒಲೆಯೂ ಸಂಶೋಧನೆಯೇ, ಅದನ್ನು ಕಟ್ಟಿಕೊಡುವ ಊರಿನ ಗಾರೆಯವನೂ ಸಣ್ಣ ಉದ್ಯಮಿಯೇ. ಮನೆಯಂಗಳದಲ್ಲಿ ಬೇಗ ಕಾಯಿ ಬಿಡುವ ಹೆಣ್ಣುಗಿಡದ ಕಸಿ, ಬೀಜದ ತುಪ್ಪ ತೆಗೆಯುವ ಸಣ್ಣ ಗಾಣ, ಇವುಗಳಿಗೆ ಪೇಟೆಂಟಿನ ಹೊಳಪಿಲ್ಲವೆಂದು ಅನುದಾನ ಕೇಳುವವರು ಕಡಿಮೆ. ವಿಶ್ವವಿದ್ಯಾಲಯಗಳು ಕಾಡಿನ ವಸ್ತುವಿಗೆ ಸಂಬಂಧಿಸಿದ ಯಾವುದೇ ತಂತ್ರಜ್ಞಾನದ ಪರವಾನಗಿ ಕೊಡುವ ಮೊದಲು ಆ ಊರಿನ ಗ್ರಾಮಸಭೆಯ ಲಿಖಿತ ಒಪ್ಪಿಗೆ ಕೇಳಲಿ. ಆ ಒಪ್ಪಿಗೆಯಲ್ಲಿ ಕೊಯ್ಲಿನ ದಿನಾಂಕ, ಮರದಲ್ಲಿ ಬಿಡಬೇಕಾದ ಪಾಲು, ಒಲೆಯ ಬಗೆ ನಮೂದಾಗಲಿ. ವಿದ್ಯಾರ್ಥಿ ಮಿತ್ರರೇ, ಯೋಜನೆಯ ನಮೂನೆಯಲ್ಲಿ ಮರದ ಅಂಕಣವಿಲ್ಲದಿದ್ದರೆ ನೀವೇ ಗೆರೆ ಎಳೆದು ಸೇರಿಸಿ, ನಿಮ್ಮ ಮೇಷ್ಟ್ರು ಸಿಟ್ಟಾದರೂ ಸರಿ. ಆ ಅಂಕಣ ತುಂಬಲು ಬೇಕಾದ ಮರಗಣತಿಯನ್ನು ನಮ್ಮೂರ ಬೆಟ್ಟದಲ್ಲಿ ಈ ಬೇಸಿಗೆಯಲ್ಲಿ ಆರಂಭಿಸುತ್ತಿದ್ದೇವೆ. ಗಂಡು ಹೆಣ್ಣು ಗುರುತಿಸಬಲ್ಲ ಹಿರಿಯರು ಇಬ್ಬರಿದ್ದಾರೆ, ಬರೆದುಕೊಳ್ಳುವ ಕೈಗಳು ಬೇಕಾಗಿವೆ.