ಭೂ ದಾಖಲೆಗಳ ಸ್ಕ್ಯಾನಿಂಗ್ ಮತ್ತು ಮುದ್ರಣ: ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳ ಅರ್ಜಿದಾರರು ಗಮನಿಸಬೇಕಾದ ಸಂಗತಿಗಳು

ಮಂಜೂರಾದ ಜಮೀನಿನ ಪೋಡಿಗಾಗಿ ಅರ್ಜಿ ಸಲ್ಲಿಸಿದ ನಾಗರಿಕರಿಗೆ ‘ಮೂಲ ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ದೊರೆತಲ್ಲಿ ಮುಂದಿನ ದಾರಿ ಸುಲಭವಾದುದಲ್ಲ. ಸಾಗುವಳಿ ಚೀಟಿ ಕೈಯಲ್ಲಿದ್ದರೂ ಮಂಜೂರಾತಿ ಆದೇಶ, ನಕ್ಷೆ ಮತ್ತು ಮಂಜೂರಾತಿ ವಹಿಯ ನಮೂದು ಕಚೇರಿಯಲ್ಲಿ ಸಿಗದಿದ್ದರೆ ಅಳತೆಯ ಕಾರ್ಯ ನಿಲ್ಲುತ್ತದೆ. ಅಳತೆ ನಿಂತರೆ ಪ್ರತ್ಯೇಕ ಪಹಣಿ ಇಲ್ಲ. ಪ್ರತ್ಯೇಕ ಪಹಣಿ ಇಲ್ಲದಿದ್ದರೆ ಸಾಲ, ಕುಟುಂಬದ ಪಾಲು ವಿಭಜನೆ, ಕ್ರಯ ಇವೆಲ್ಲವೂ ತೊಡಕಿಗೆ ಸಿಲುಕುತ್ತವೆ. ಹಕ್ಕು ಇದ್ದೂ ಅದನ್ನು ತೋರಿಸುವ ಕಾಗದವಿಲ್ಲದ ಈ ಸ್ಥಿತಿ ದಕ್ಷಿಣ ಕನ್ನಡದ ತೋಟಗಾರ ಕುಟುಂಬಗಳಿಗೆ ಅಪರಿಚಿತವಲ್ಲ.

ರಾಜ್ಯದ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಗಣಕೀಕೃತ ರೂಪದಲ್ಲಿ ಸಂರಕ್ಷಿಸುವ ‘ಭೂ ಸುರಕ್ಷಾ’ ಯೋಜನೆಯು 2024ರಲ್ಲಿ ಆಯ್ದ ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡು, 2025ರಲ್ಲಿ ಇತರ ತಾಲ್ಲೂಕುಗಳಿಗೂ ವಿಸ್ತರಿಸಲ್ಪಟ್ಟಿತು. ಈ ಹಿನ್ನೆಲೆಯಲ್ಲಿ, ಸ್ಕ್ಯಾನಿಂಗ್ ಹಾಗೂ ಮುದ್ರಣ ತಂತ್ರಜ್ಞಾನದಲ್ಲಿ ಆಗಿರುವ ಸುಧಾರಣೆಗಳು ಅರ್ಜಿದಾರರಿಗೆ ಏನನ್ನು ಒದಗಿಸುತ್ತವೆ, ಏನನ್ನು ಒದಗಿಸಲಾರವು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಭಾಗದ ದಾಖಲೆಗಳ ಸ್ವರೂಪ

ಪುತ್ತೂರು ಮತ್ತು ಸುಳ್ಯ ಸೀಮೆಯ ಕಂದಾಯ ದಾಖಲೆಗಳು ಹಳೆಯ ಮೈಸೂರು ಪ್ರಾಂತ್ಯದ ದಾಖಲೆಗಳಂತಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಬಳಿಕ ಅಮರ ಸುಳ್ಯ ಪ್ರದೇಶವು ಕೆನರಾ ಜಿಲ್ಲೆಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇಡೀ ದಕ್ಷಿಣ ಕನ್ನಡವು ಮದ್ರಾಸ್ ಆಡಳಿತದಲ್ಲಿತ್ತು. ಆದಕಾರಣ ಇಲ್ಲಿಯ ಅಭಿಲೇಖಾಲಯಗಳಲ್ಲಿ ಅಡಂಗಲ್, ವರ್ಗದ ವಹಿ, ಎಫ್‌ಎಂಬಿ ನಕ್ಷೆ ಮುಂತಾದ ಮದ್ರಾಸ್ ಪದ್ಧತಿಯ ದಾಖಲೆಗಳು ಕಂಡುಬರುತ್ತವೆ. ಮೂಲಗೇಣಿ, ಚಾಲಗೇಣಿ, ಕುಮ್ಕಿ ಎಂಬ ಮಾತುಗಳಿಗೆ ಇಂದಿಗೂ ಕಚೇರಿಯಲ್ಲಿ ಅರ್ಥವಿದೆ. ಇವುಗಳ ಮೇಲೆ 1974ರ ಭೂಸುಧಾರಣಾ ತಿದ್ದುಪಡಿಯ ನಂತರದ ನಮೂನೆ 7ರ ಘೋಷಣೆಗಳು, ಭೂ ನ್ಯಾಯಮಂಡಳಿಯ ಆದೇಶಗಳು, ನಮೂನೆ 10ರ ಅಧಿಭೋಗದಾರಿಕೆ ಪ್ರಮಾಣಪತ್ರಗಳು ಸೇರಿಕೊಂಡವು. ಅನಂತರ ಅಕ್ರಮ ಸಕ್ರಮದ ನಮೂನೆ 50, 53 ಮತ್ತು 57ರ ಅರ್ಜಿಗಳು ಬಂದವು.

ವಿಸ್ತೀರ್ಣದ ಲೆಕ್ಕವೂ ಭಿನ್ನವಾದುದು. ರಾಜ್ಯದ ಬಹುಭಾಗದಲ್ಲಿ ಎಕರೆ ಮತ್ತು ಗುಂಟೆಯ ಲೆಕ್ಕವಿದ್ದರೆ ಇಲ್ಲಿ ಎಕ್ರೆ ಮತ್ತು ಸೆಂಟ್ಸ್. ಒಂದು ಎಕರೆಗೆ 40 ಗುಂಟೆ, ಆದರೆ 100 ಸೆಂಟ್ಸ್. 0.05 ಎಂದರೆ ಐದು ಸೆಂಟ್ಸ್, 0.50 ಎಂದರೆ ಅರ್ಧ ಎಕ್ರೆ. ಇಷ್ಟು ವ್ಯತ್ಯಾಸವು ಒಂದು ಸೊನ್ನೆ ಮತ್ತು ಒಂದು ಚುಕ್ಕೆಯ ಸ್ಥಾನವನ್ನು ಅವಲಂಬಿಸಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರಲಿದೆ.

ಹವಾಮಾನದ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಕಾಗದವು ತೇವವನ್ನು ಹೀರುತ್ತದೆ, ಬೂಷ್ಟು ಹಿಡಿಯುತ್ತದೆ, ಗೆದ್ದಲಿಗೆ ಆಹಾರವಾಗುತ್ತದೆ. ಹಿಂದಿನ ಕಾಲದ ಕಬ್ಬಿಣಾಂಶವುಳ್ಳ ಶಾಯಿಯು ಕಾಲಕ್ರಮೇಣ ಕಂದು ಬಣ್ಣಕ್ಕೆ ತಿರುಗಿ, ಕೆಲವೆಡೆ ತಾನು ಬರೆದ ಕಾಗದವನ್ನೇ ತಿಂದು ತೂತು ಮಾಡುತ್ತದೆ.

ಬೆರಳಚ್ಚಿನಿಂದ ಪ್ರತಿಬಿಂಬದವರೆಗೆ

ಈ ಹಿಂದಿನ ‘ಭೂಮಿ’ ಯೋಜನೆಗೂ ಈಗಿನ ಸ್ಕ್ಯಾನಿಂಗ್ ಕಾರ್ಯಕ್ಕೂ ಇರುವ ಅಂತರವನ್ನು ಅನೇಕ ಅರ್ಜಿದಾರರು ಗಮನಿಸಿರುವುದಿಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಲಾಯಿತು. ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ ಅಂದು 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಆದರೆ ಆ ಮಾಹಿತಿಯನ್ನು ಕೈಬರಹದ ಪುಸ್ತಕದಿಂದ ಓದಿ ಗಣಕಯಂತ್ರಕ್ಕೆ ಬೆರಳಚ್ಚು ಮಾಡಲಾಗಿತ್ತು. ಓದಿದವರು ತಪ್ಪಾಗಿ ಓದಿದ್ದರೆ ಅದೇ ತಪ್ಪು ಶುಭ್ರವಾದ ಅಕ್ಷರದಲ್ಲಿ ಮುದ್ರಣಗೊಂಡಿತು. ಪಹಣಿ ತಿದ್ದುಪಡಿಗಾಗಿ ಬಂದ ಅರ್ಜಿಗಳಲ್ಲಿ ಕೆಲವಕ್ಕೆ ಮೂಲ ಇಲ್ಲಿದೆ.

ಸ್ಕ್ಯಾನಿಂಗ್ ಹಾಗಲ್ಲ. ಅದು ಪುಟದ ಪ್ರತಿಬಿಂಬವನ್ನು ತೆಗೆಯುತ್ತದೆ. ಬರೆದವರ ಕೈ, ಹೊಡೆದು ಹಾಕಿದ ಸಾಲು, ಮೊಹರು, ಅಂಚಿನ ಟಿಪ್ಪಣಿ ಎಲ್ಲವೂ ಇದ್ದಂತೆಯೇ ಉಳಿಯುತ್ತವೆ. (1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಅದನ್ನು ಮುದ್ರಿಸಿದ್ದು ಮೊಳೆ ಜೋಡಿಸಿ ಅಲ್ಲ, ಕಲ್ಲಚ್ಚಿನಲ್ಲಿ; ಕೈಯಲ್ಲಿ ಬರೆದ ಪುಟದ ರೂಪವೇ ಕಾಗದಕ್ಕೆ ಇಳಿಯಿತು. ಅಕ್ಷರಕ್ಕೆ ಬದಲಾಗಿ ಪುಟವನ್ನೇ ನಕಲಿಸುವ ಪದ್ಧತಿ ಈ ಜಿಲ್ಲೆಗೆ ಹೊಸತಲ್ಲವೆನ್ನಬಹುದು.)

ಅಮೆರಿಕದ ರಸೆಲ್ ಕಿರ್ಶ್ 1957ರಲ್ಲಿ ಗಣಕಯಂತ್ರಕ್ಕೆ ಮೊದಲ ಬಾರಿಗೆ ಒಂದು ಛಾಯಾಚಿತ್ರವನ್ನು ಸ್ಕ್ಯಾನ್ ಮಾಡಿ ತುಂಬಿದಾಗ, ಆ ಚಿತ್ರದಲ್ಲಿದ್ದುದು ಉದ್ದಕ್ಕೂ ಅಗಲಕ್ಕೂ ತಲಾ 176 ಬಿಂದುಗಳು, ಅಂದರೆ ಒಟ್ಟು 31 ಸಾವಿರಕ್ಕೂ ಕಡಿಮೆ. ಇಂದು ಎ4 ಅಳತೆಯ ಒಂದು ಪುಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಬಿಂದುಗಳಾಗುತ್ತವೆ. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಬೆಳಕು ಗ್ರಹಿಸುವ ಸಾಧನವು ಈ ಪ್ರಗತಿಗೆ ದಾರಿ ಮಾಡಿತು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಸಂದಿತು.

ಅಭಿಲೇಖಾಲಯದ ದೃಷ್ಟಿಯಿಂದ ಇನ್ನೂ ಮುಖ್ಯವಾದುದು ಯಂತ್ರದ ಆಕಾರ. ಕಾಗದವನ್ನು ಉರುಳೆಗಳ ನಡುವೆ ಎಳೆದುಕೊಳ್ಳುವ ಸ್ಕ್ಯಾನರ್ ವೇಗವಾದುದಾದರೂ ಅಂಚು ಪುಡಿಯಾಗುತ್ತಿರುವ ಹಾಳೆಗೆ ಸಲ್ಲದು. ಗಾಜಿನ ಮೇಲೆ ಮಗುಚಿ ಒತ್ತುವ ಯಂತ್ರದಲ್ಲಿ ದಪ್ಪ ವಹಿಯ ಬೆನ್ನು ಬಿರಿಯುತ್ತದೆ. ದಾಖಲೆಯನ್ನು ಮೇಜಿನ ಮೇಲೆ ತೆರೆದಿಟ್ಟು, ಮೇಲಿನಿಂದ ಕ್ಯಾಮೆರಾ ಚಿತ್ರ ತೆಗೆಯುವ ಓವರ್‌ಹೆಡ್ ಸ್ಕ್ಯಾನರ್ ಈ ತೊಂದರೆಯನ್ನು ನಿವಾರಿಸಿದೆ. ಇದರ ಎಲ್‌ಇಡಿ ದೀಪ ಹೆಚ್ಚು ಶಾಖ ಹೊರಸೂಸುವುದಿಲ್ಲ. ಹೊಲಿಗೆಯ ಬಳಿ ಬಾಗಿದ ಸಾಲುಗಳನ್ನು ತಂತ್ರಾಂಶವು ನೇರಗೊಳಿಸುತ್ತದೆ.

ಯಂತ್ರವು ತಪ್ಪುವ ಸ್ಥಳಗಳು

ಕಡತದ ಗಾತ್ರ ಕುಗ್ಗಿಸಲು ಹಿಂದೆ ಪುಟಗಳನ್ನು ಶುದ್ಧ ಕಪ್ಪು ಬಿಳುಪಿಗೆ ಇಳಿಸುವ ರೂಢಿಯಿತ್ತು. ಯಾವುದು ಶಾಯಿ, ಯಾವುದು ಕಾಗದ ಎಂಬ ಗಡಿಯನ್ನು ಗಣಕವೇ ನಿರ್ಧರಿಸುವ ಒಂದು ವಿಧಾನವನ್ನು ಜಪಾನಿನ ನೊಬುಯುಕಿ ಓತ್ಸು 1979ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಪುಟ ಒಂದೇ ಸಮನಾಗಿ ಬೆಳ್ಳಗಿದ್ದರೆ ಅದು ಸರಿಯಾಗಿ ಕೆಲಸ ಮಾಡುತ್ತದೆ. ಅರ್ಧ ಪುಟಕ್ಕೆ ನೀರಿನ ಕಲೆ ಇದ್ದರೆ ಕಲೆಯು ಶಾಯಿಯೆಂದು, ಮಸುಕಾದ ಶಾಯಿಯು ಕಾಗದವೆಂದು ಎಣಿಕೆಯಾಗುವ ಸಂಭವವಿದೆ. ಮೊದಲು ಅಳಿಯುವುದು ಚುಕ್ಕೆಯೇ. ಎಕ್ರೆ ಮತ್ತು ಸೆಂಟ್ಸ್ ನಡುವಿನ ಚುಕ್ಕೆ ಮಾಯವಾದ ಪ್ರತಿಬಿಂಬದಿಂದ ವಿಸ್ತೀರ್ಣವನ್ನು ಓದುವವರ ಪಾಡನ್ನು ಊಹಿಸಬಹುದು. ಪುಟವನ್ನು ಸಣ್ಣ ಭಾಗಗಳಾಗಿ ಪರಿಗಣಿಸಿ ಪ್ರತಿ ಭಾಗಕ್ಕೂ ಬೇರೆ ಗಡಿ ನಿಗದಿಪಡಿಸುವ ಸುಧಾರಿತ ವಿಧಾನಗಳು ಅನಂತರ ಬಂದಿವೆ. ಆದರೂ ಬಣ್ಣದ ಸ್ಕ್ಯಾನಿಂಗ್‌ಗೆ ಅವು ಸಾಟಿಯಲ್ಲ. ಕೆಂಪು ಶಾಯಿಯ ತಿದ್ದುಪಡಿ, ಮೇಲಧಿಕಾರಿಯ ಹಸಿರು ಶಾಯಿಯ ಸಹಿ, ನೇರಳೆ ಮೊಹರು ಇವು ಕಪ್ಪು ಬಿಳುಪಿನಲ್ಲಿ ಒಂದೇ ಆಗಿ ಕಾಣುತ್ತವೆ. ಮೂಲ ಬರಹ ಯಾವುದು, ಆಮೇಲಿನ ತಿದ್ದುಪಡಿ ಯಾವುದು ಎಂಬ ಸಾಕ್ಷ್ಯವೇ ಹೋಗುತ್ತದೆ.

ಇದಕ್ಕಿಂತ ಗಂಭೀರವಾದ ಪ್ರಕರಣವೊಂದು 2013ರಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂದಿತು. ಡೇವಿಡ್ ಕ್ರೀಸೆಲ್ ಎಂಬ ಗಣಕ ತಜ್ಞರು, ಜೆರಾಕ್ಸ್ ಕಂಪೆನಿಯ ಕೆಲವು ಯಂತ್ರಗಳಲ್ಲಿ ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದಾಗ ಕೋಣೆಗಳ ವಿಸ್ತೀರ್ಣವೇ ಬದಲಾಗಿರುವುದನ್ನು ಕಂಡುಹಿಡಿದರು. ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಚದರ ಮೀಟರ್ ಎಂಬ ಒಂದೇ ಸಂಖ್ಯೆ ಬಂದಿತ್ತು. ಒಂದೇ ರೀತಿ ಕಾಣುವ ಅಕ್ಷರಗಳನ್ನು ಒಮ್ಮೆ ಮಾತ್ರ ಉಳಿಸಿಕೊಂಡು ಇತರೆಡೆ ಅದನ್ನೇ ಅಂಟಿಸುವ ಜೆಬಿಗ್2 ಎಂಬ ಸಂಕೋಚನ ವಿಧಾನವು ಒಂದನ್ನು ಇನ್ನೊಂದೆಂದು ಭಾವಿಸಿದ ಪರಿಣಾಮವಿದು. ಕಂಪೆನಿಯು ತಂತ್ರಾಂಶವನ್ನು ಸರಿಪಡಿಸಿತು. ಇಲ್ಲಿ ಆತಂಕಕ್ಕೆ ಕಾರಣವಾದುದು ತಪ್ಪಿನ ಪ್ರಮಾಣವಲ್ಲ, ಅದರ ರೂಪ. ಮಸುಕಾದ ಅಂಕಿಯನ್ನು ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ. ಸ್ಪಷ್ಟವಾಗಿ ಮೂಡಿದ ತಪ್ಪು ಅಂಕಿಯನ್ನು ಯಾರೂ ಸಂಶಯಿಸರು. ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ ಎಲ್ಲವೂ ಅಂಕಿಗಳೇ ಆಗಿರುವ ಭೂ ದಾಖಲೆಗಳಿಗೆ ಇಂತಹ ಸಂಕೋಚನ ಸಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹುಡುಕುವ ಸೂಚಿ ಮತ್ತು ಕಡಬದ ಪ್ರಶ್ನೆ

ಪ್ರತಿಬಿಂಬ ತೆಗೆದ ಮಾತ್ರಕ್ಕೆ ಕಡತ ಸಿಗುವುದಿಲ್ಲ. ಅದನ್ನು ಗ್ರಾಮ, ಸರ್ವೆ ನಂಬರು, ಕಡತ ಸಂಖ್ಯೆ, ವರ್ಷ ಇವುಗಳಡಿ ಸೂಚಿಗೆ ಸೇರಿಸಬೇಕು. ಮುದ್ರಿತ ಕನ್ನಡವನ್ನು ಗಣಕವು ತಾನಾಗಿ ಓದುವ ಕಾರ್ಯದಲ್ಲಿ ಸಾಕಷ್ಟು ಪ್ರಗತಿಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’ ತಂತ್ರಾಂಶವು ಕನ್ನಡ ಲಿಪಿಯಲ್ಲಿ ಮುದ್ರಿತವಾದ ತುಳು, ಕೊಂಕಣಿ ಪುಟಗಳನ್ನೂ ಗುರುತಿಸಬಲ್ಲದು. ಆದರೆ ಶಾನುಭಾಗರ ಕೂಡಕ್ಷರದ ಬರಹ ಮುದ್ರಣವಲ್ಲ. ೨ ಮತ್ತು ೩, ೬ ಮತ್ತು ೯ ಎಂಬ ಅಂಕಿಗಳು ಅವಸರದ ಕೈಬರಹದಲ್ಲಿ ಒಂದನ್ನೊಂದು ಹೋಲುತ್ತವೆ. ಹೀಗಾಗಿ ಕೈಬರಹದ ಕಡತಗಳ ಸೂಚಿಯನ್ನು ಮನುಷ್ಯರೇ ನೋಡಿ ನಮೂದಿಸಬೇಕಾಗುತ್ತದೆ. ನಮೂದು ತಪ್ಪಿದರೆ, ಕಪಾಟಿನ ಬೇರೆ ಖಾನೆಗೆ ಸೇರಿದ ಕಡತದಂತೆಯೇ ಗಣಕದಲ್ಲಿಯೂ ಅದು ಕಣ್ಮರೆಯಾಗುತ್ತದೆ.

ಕಡಬದ ನಾಗರಿಕರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಕಡಬವು 2018ರಲ್ಲಿ ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಒಳಗೊಂಡು ಪ್ರತ್ಯೇಕ ತಾಲ್ಲೂಕಾಯಿತು. ಆಲಂಕಾರು ಗ್ರಾಮದ 1980ರ ಮಂಜೂರಾತಿ ಕಡತವು ಪುತ್ತೂರು ತಾಲ್ಲೂಕಿನ ಹೆಸರಿನಲ್ಲಿ, ಸುಬ್ರಹ್ಮಣ್ಯ ಗ್ರಾಮದ ಅದೇ ವರ್ಷದ ಕಡತವು ಸುಳ್ಯ ತಾಲ್ಲೂಕಿನ ಹೆಸರಿನಲ್ಲಿ ಸೃಜನೆಯಾದವು. ಇಂದು ಎರಡೂ ಗ್ರಾಮಗಳು ಕಡಬಕ್ಕೆ ಸೇರಿವೆ. ಅರ್ಜಿಯಲ್ಲಿ ‘ಕಡಬ ತಾಲ್ಲೂಕು’ ಎಂದಷ್ಟೇ ಬರೆದಲ್ಲಿ ಹಳೆಯ ಕಡತ ದೊರೆಯದಿರುವ ಸಾಧ್ಯತೆ ಇದೆ. ಆದುದರಿಂದ 2018ಕ್ಕಿಂತ ಹಿಂದಿನ ದಾಖಲೆಯ ನಕಲು ಕೋರುವಾಗ ಹಿಂದಿನ ತಾಲ್ಲೂಕಿನ ಹೆಸರು, ಕಡತ ಸಂಖ್ಯೆ ಮತ್ತು ವರ್ಷವನ್ನು ತಪ್ಪದೆ ನಮೂದಿಸುವುದು ಸೂಕ್ತ. ಕಡತ ಸಂಖ್ಯೆಯು ಸಾಮಾನ್ಯವಾಗಿ ಸಾಗುವಳಿ ಚೀಟಿಯಲ್ಲಿಯೇ ಇರುತ್ತದೆ.

ಮುದ್ರಿತ ನಕಲಿನ ಬೆಲೆ

ಕಚೇರಿಯಿಂದ ಅರ್ಜಿದಾರರ ಕೈಗೆ ಬರುವುದು ಕೊನೆಗೂ ಒಂದು ಮುದ್ರಿತ ಹಾಳೆ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಕಂಡುಹಿಡಿದ ಒಣ ನಕಲು ವಿಧಾನವನ್ನೇ ಆಧರಿಸಿ, ಜೆರಾಕ್ಸ್ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್ 1971ರ ವೇಳೆಗೆ ಲೇಸರ್ ಮುದ್ರಣ ಯಂತ್ರವನ್ನು ಸಿದ್ಧಪಡಿಸಿದರು. ಅದರ ಪುಡಿ ಶಾಯಿಯು ಶಾಖದಿಂದ ಕರಗಿ ಕಾಗದಕ್ಕೆ ಅಂಟುವುದರಿಂದ ಮಳೆಹನಿ ಬಿದ್ದರೂ ಹರಡುವುದಿಲ್ಲ. ಇಂಕ್‌ಜೆಟ್ ಮುದ್ರಣದಲ್ಲಿ ಬಳಸುವ ಹಲವು ಶಾಯಿಗಳು ಹರಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಳ್ಯದಿಂದ ಬಸ್ಸಿನಲ್ಲಿ ಪುತ್ತೂರಿನ ಉಪವಿಭಾಗಾಧಿಕಾರಿಗಳ ಕಚೇರಿಗೆ ದಾಖಲೆ ಒಯ್ಯುವವರಿಗೆ ಇದು ಸಣ್ಣ ಸಂಗತಿಯಲ್ಲ.

ಮುದ್ರಿತ ಪ್ರತಿಯ ನೈಜತೆಯ ಪ್ರಶ್ನೆ ಬೇರೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ವು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ. ಆ ಸಹಿ ಇರುವುದು ಗಣಕದ ಕಡತದಲ್ಲಿ. ಕಾಗದದ ಮೇಲೆ ಕಾಣುವುದು ಅದರ ಸೂಚನೆ ಮಾತ್ರ. ಈ ಅಂತರವನ್ನು ತುಂಬಲು ಕ್ಯೂಆರ್ ಸಂಕೇತ ನೆರವಾಗುತ್ತದೆ. 1994ರಲ್ಲಿ ಜಪಾನಿನ ಮಸಾಹಿರೊ ಹಾರಾ ವಾಹನ ಬಿಡಿಭಾಗಗಳ ಗುರುತಿಗಾಗಿ ರೂಪಿಸಿದ ಈ ಸಂಕೇತವನ್ನು, ಅದರ ಅತ್ಯುನ್ನತ ಹಂತದಲ್ಲಿ, ಶೇಕಡಾ 30ರಷ್ಟು ಭಾಗ ಹಾಳಾದರೂ ಓದಬಹುದು. ಆದರೆ ಸಂಕೇತವು ಸರಿಯಾಗಿ ತೆರೆದುಕೊಂಡಿತು ಎಂದ ಮಾತ್ರಕ್ಕೆ ಕೈಯಲ್ಲಿರುವ ಹಾಳೆ ಸಾಚಾ ಎಂದಾಗದು. ಒಂದು ದಾಖಲೆಯ ಸಂಕೇತವನ್ನು ಮತ್ತೊಂದರ ಮೇಲೆ ಮುದ್ರಿಸುವುದು ಕಷ್ಟವಲ್ಲ. ಪರದೆಯ ಮೇಲೆ ಬಂದ ಹೆಸರು, ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಹಾಳೆಯೊಡನೆ ಹೋಲಿಸಿ ನೋಡತಕ್ಕದ್ದು. ಜಾಗ ಖರೀದಿಸುವವರು ಇದನ್ನು ದಲ್ಲಾಳಿಗಳಿಗೆ ಬಿಡದೆ ಸ್ವತಃ ಮಾಡುವುದು ಒಳಿತು.

ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿಯನ್ನು ಹಾಜರುಪಡಿಸುವವರು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಹೇಳುವ ಪ್ರಮಾಣಪತ್ರದ ಬಗ್ಗೆ ತಮ್ಮ ವಕೀಲರಲ್ಲಿ ವಿಚಾರಿಸಬೇಕು. ಮೊಬೈಲ್ ದೂರವಾಣಿಯಲ್ಲಿ ತೆಗೆದ ಕಡತದ ಚಿತ್ರ ದೃಢೀಕೃತ ನಕಲಿಗೆ ಸಮನಾಗದು.

ಸ್ಕ್ಯಾನಿಂಗ್‌ನಿಂದ ಕಳೆದುಹೋದ ಕಡತ ಮರಳಿ ಬಾರದು. ಮೂಲದಲ್ಲಿ ತಪ್ಪಾಗಿ ಬರೆದ ಹೆಸರು ಅಥವಾ ಗಡಿ ಸರಿಯಾಗುವುದೂ ಇಲ್ಲ. ಅವುಗಳಿಗೆ ತಿದ್ದುಪಡಿ ಅರ್ಜಿಯ ದಾರಿಯೇ ಉಳಿದಿದೆ. ಇಂತಹ ಸಂದರ್ಭಗಳಲ್ಲಿ ಅರ್ಜಿದಾರರ ಮನೆಯ ಪೆಟ್ಟಿಗೆಯಲ್ಲಿರುವ ಪ್ರತಿಯೇ ಆಧಾರವಾಗಬಹುದು. ಆದ್ದರಿಂದ ಹಳೆಯ ಸಾಗುವಳಿ ಚೀಟಿ, ತೀರ್ವೆ ರಶೀದಿ, ನಮೂನೆ 10 ಮುಂತಾದವುಗಳನ್ನು ಲ್ಯಾಮಿನೇಷನ್ ಮಾಡಿಸಬಾರದು. ಶಾಖಕ್ಕೆ ಕರಗಿದ ಪ್ಲಾಸ್ಟಿಕ್ ಕಾಗದದಿಂದ ಮತ್ತೆ ಬಿಡುವುದಿಲ್ಲ, ಸ್ಕ್ಯಾನ್ ಮಾಡುವಾಗ ಬೆಳಕನ್ನು ಪ್ರತಿಫಲಿಸುತ್ತದೆ, ಮೊಹರಿನ ಪರಿಶೀಲನೆಗೂ ಅಡ್ಡಿಯಾಗುತ್ತದೆ. ಸೇವಾ ಕೇಂದ್ರಗಳಲ್ಲಿ ಶಾಖ ಮುದ್ರಣ ಯಂತ್ರದಿಂದ ನೀಡುವ ನುಣುಪು ಕಾಗದದ ಸ್ವೀಕೃತಿ ರಶೀದಿಯು ಕೆಲವು ತಿಂಗಳುಗಳಲ್ಲಿಯೇ ಮಾಸಿ ಬಿಳಿಯಾಗುತ್ತದೆ. ಅದು ದೊರೆತ ದಿನವೇ ಸಾಮಾನ್ಯ ಕಾಗದದ ಮೇಲೆ ಜೆರಾಕ್ಸ್ ಪ್ರತಿ ಮಾಡಿಸಿಟ್ಟುಕೊಂಡು, ಅರ್ಜಿ ಸಂಖ್ಯೆಯನ್ನು ಬೇರೆಡೆಯೂ ಬರೆದಿಟ್ಟುಕೊಳ್ಳಬೇಕು.