ಅರಮನೆಯ ಸೊತ್ತು, ಪ್ರಜೆಯ ಕಣ್ಣು
ಹಾಂಗ್‌ಕಾಂಗಿನ ನೂತನ ವಸ್ತುಸಂಗ್ರಹಾಲಯದ ವಿಚಾರ

ಹಾಂಗ್‌ಕಾಂಗ್ ಬಂದರಿನ ಪಶ್ಚಿಮ ಕೌಲೂನ್ ದಂಡೆಯಲ್ಲಿ, ಸಮುದ್ರವನ್ನು ತುಂಬಿಸಿ ಪಡೆದ ನೆಲದ ಮೇಲೆ, 2022ನೆಯ ಇಸವಿಯ ಜುಲೈ ಆರಂಭದಲ್ಲಿ ಚೀನೀ ಕಲೆಯ ಒಂದು ನೂತನ ವಸ್ತುಸಂಗ್ರಹಾಲಯವು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಇದರ ಹೆಸರು ಹಾಂಗ್‌ಕಾಂಗ್ ಅರಮನೆ ವಸ್ತುಸಂಗ್ರಹಾಲಯ. ಬ್ರಿಟಿಷರು ಆ ನಗರವನ್ನು ಚೀನಕ್ಕೆ ಒಪ್ಪಿಸಿದುದು 1997ರ ಜುಲೈ 1ರಂದು. ಅದರ ಇಪ್ಪತ್ತೈದನೆಯ ವರ್ಷದ ಉತ್ಸವದ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದುದು ಆಕಸ್ಮಿಕವಲ್ಲ. ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯವು ತನ್ನ ಭಂಡಾರದಿಂದ 914 ವಸ್ತುಗಳನ್ನು ಈ ಸಂದರ್ಭಕ್ಕಾಗಿ ಕಳುಹಿಸಿಕೊಟ್ಟಿತು. ಅವುಗಳಲ್ಲಿ 166 ವಸ್ತುಗಳು ಪ್ರಥಮ ದರ್ಜೆಯ ರಾಷ್ಟ್ರೀಯ ನಿಧಿಗಳೆಂದು ಎಣಿಸಲ್ಪಟ್ಟವು.

ಕಟ್ಟಡವನ್ನು ರೂಪಿಸಿದವರು ಅಲ್ಲಿಯವರೇ ಆದ ವಾಸ್ತುಶಿಲ್ಪಿ ರೋಕೋ ಯಿಮ್. ಅದರ ಬುಡ ಕಿರಿದು, ಮೇಲ್ಭಾಗ ಅಗಲ. ಚೀನದ ಪುರಾತನ ಕಂಚಿನ ಪಾತ್ರೆಯಾದ ‘ಡಿಂಗ್’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಆಕಾರವನ್ನು ಕೊಟ್ಟಿರುವರು. ಡಿಂಗ್ ಎಂಬುದು ಮೂಲದಲ್ಲಿ ಅಡುಗೆಯ ಪಾತ್ರೆ. ಅನಂತರ ಪೂಜೆಯ ಪಾತ್ರೆಯಾಯಿತು. ಕೊನೆಗೆ ರಾಜ್ಯಾಧಿಕಾರದ ಚಿಹ್ನೆಯಾಯಿತು. ಹೋಟೆಲಿನ ಅಡುಗೆಮನೆಯಲ್ಲಿ ಬೆಳೆದ ನಮ್ಮಂಥವರಿಗೆ ಈ ಸಂಗತಿಯು ವಿಶೇಷ ಸಂತೋಷವನ್ನು ಕೊಡತಕ್ಕದ್ದು. ಆದರೆ ಅಡುಗೆಯ ಪಾತ್ರೆಯು ಅಧಿಕಾರದ ಚಿಹ್ನೆಯಾದ ಬಗೆ ಹೇಗೆ ಎಂಬ ಪ್ರಶ್ನೆಯೇ ಈ ಸಂಗ್ರಹಾಲಯದ ಕಥೆಯ ತಿರುಳೂ ಆಗಿರುವುದು.

ನಿಷಿದ್ಧ ನಗರದ ಬಾಗಿಲು

ಬೀಜಿಂಗಿನ ಅರಮನೆಯನ್ನು ಮಿಂಗ್ ವಂಶದ ಯುಂಗ್‌ಲೋ ಚಕ್ರವರ್ತಿಯು 1406ರಿಂದ 1420ರ ವರೆಗೆ ಕಟ್ಟಿಸಿದನು. ಇಪ್ಪತ್ತನಾಲ್ಕು ಮಂದಿ ಚಕ್ರವರ್ತಿಗಳು ಅಲ್ಲಿ ಆಳಿದರು. ಸಾಮಾನ್ಯ ಪ್ರಜೆಯು ಅದರ ಹೊಸ್ತಿಲನ್ನು ತುಳಿಯುವಂತಿರಲಿಲ್ಲ. ನಿಷಿದ್ಧ ನಗರವೆಂಬ ಹೆಸರು ಬಂದುದು ಅದರಿಂದಲೇ. 1912ರಲ್ಲಿ ರಾಜತ್ವವು ಅಳಿದರೂ ಬಾಲಕ ಚಕ್ರವರ್ತಿ ಪು ಯಿ ಒಳ ಅರಮನೆಯಲ್ಲಿಯೇ ಉಳಿದನು. ಹೊರಗೆ ಗಣರಾಜ್ಯ, ಒಳಗೆ ಕಿರೀಟವಿಲ್ಲದ ಅರಸ. ಕೈಯಲ್ಲಿ ಹಣವಿಲ್ಲದಾಗ ಮನೆತನದ ಯಜಮಾನನು ಪಾತ್ರೆಪಗಡೆಗಳನ್ನು ಗುಟ್ಟಾಗಿ ಸಾಗಿಸುವಂತೆ ಅವನೂ ನಡೆದುಕೊಂಡನು. ತಮ್ಮನಾದ ಪು ಚಿಯೆಯು ಅರಮನೆಯೊಳಗೆ ಪಾಠಕ್ಕೆ ಬಂದು ಮರಳುವಾಗಲೆಲ್ಲ, ‘ಬಹುಮಾನ’ವೆಂಬ ನೆಪದಲ್ಲಿ ಹಳೆಯ ಚಿತ್ರಸುರುಳಿಗಳ ಗಂಟುಗಳನ್ನು ಹೊರಗೆ ಕಳುಹಿಸಿದನೆಂದು ಅವನೇ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವನು.

1924ರ ನವೆಂಬರ 5ರಂದು ಅವನನ್ನು ಅರಮನೆಯಿಂದ ಹೊರಡಿಸಲಾಯಿತು. ವಸ್ತುಗಳ ಲೆಕ್ಕಾಚಾರ ನಡೆದು, ಮರುವರ್ಷ ಅಕ್ಟೋಬರ 10ರಂದು ಅದೇ ಅರಮನೆಯು ವಸ್ತುಸಂಗ್ರಹಾಲಯವಾಗಿ ಜನಕ್ಕೆ ತೆರೆಯಿತು. 2025ರಲ್ಲಿ ಈ ಘಟನೆಗೆ ನೂರು ವರ್ಷ ತುಂಬಿತು. ಒಬ್ಬನ ಸೊತ್ತು ಎಲ್ಲರ ಸೊತ್ತಾದ ದಿನವದು. ಚೀನದ ಆಧುನಿಕ ಇತಿಹಾಸದಲ್ಲಿ ಯುದ್ಧಗಳನ್ನೂ ಒಪ್ಪಂದಗಳನ್ನೂ ಎಣಿಸುವವರು ಈ ದಿನವನ್ನೂ ಮರೆಯದೆ ಎಣಿಸಬೇಕೆಂದು ನಮ್ಮ ಅಭಿಪ್ರಾಯ.

ಪೆಟ್ಟಿಗೆಗಳ ಪ್ರವಾಸ

ಆದರೆ ಎಲ್ಲರ ಸೊತ್ತಾದ ವಸ್ತುಗಳಿಗೆ ನೆಮ್ಮದಿ ಸಿಕ್ಕಲಿಲ್ಲ. 1931ರಲ್ಲಿ ಜಪಾನೀಯರು ಮಂಚೂರಿಯವನ್ನು ಆಕ್ರಮಿಸಿದರು. ಬೀಜಿಂಗಿಗೂ ಅಪಾಯ ಬರುವುದೆಂದು ತಿಳಿದು, 1933ರಲ್ಲಿ ಅರಮನೆಯ ಉತ್ತಮೋತ್ತಮ ವಸ್ತುಗಳನ್ನು 13 ಸಾವಿರಕ್ಕಿಂತ ಹೆಚ್ಚು ಪೆಟ್ಟಿಗೆಗಳಲ್ಲಿ ತುಂಬಿ ದಕ್ಷಿಣಕ್ಕೆ ಸಾಗಿಸಿದರು. ಮೊದಲು ಶಾಂಘೈ, ಅನಂತರ ನಾನ್‌ಕಿಂಗ್. 1937ರಲ್ಲಿ ಯುದ್ಧವು ಅಲ್ಲಿಗೂ ಬಂದಾಗ ಮೂರು ದಾರಿಗಳಾಗಿ ಪಶ್ಚಿಮದ ಒಳನಾಡಿಗೆ ಅವು ಪ್ರಯಾಣಮಾಡಿದವು. ಟನ್ನುಗಟ್ಟಲೆ ತೂಕದ ಪುರಾತನ ಶಿಲಾದುಂದುಭಿಗಳನ್ನೂ ಬಿಡಲಿಲ್ಲ. ಪಿಂಗಾಣಿಯಂಥ ಮುಟ್ಟಿದರೆ ಒಡೆಯುವ ವಸ್ತುವನ್ನೂ ಬಿಡಲಿಲ್ಲ. ಒಂದು ಡಜನು ಕಪ್ಪು ಬಸಿಗಳನ್ನು ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿಗೆ ಸಾಗಿಸುವುದರ ಕಷ್ಟವು ಹೋಟೆಲಿನವರಿಗೆ ಗೊತ್ತು. ರೈಲು, ಹಡಗು, ಲಾರಿಗಳಲ್ಲಿ ಬಾಂಬುಗಳ ನಡುವೆ ವರ್ಷಾನುಗಟ್ಟಲೆ ಇವನ್ನು ಕಾದ ಸಂಗ್ರಹಾಲಯದ ನೌಕರರ ನಿಷ್ಠೆಯನ್ನು ನಾವು ಆ ಅಳತೆಯಿಂದ ಊಹಿಸಿಕೊಳ್ಳಬಹುದು.

ಜಪಾನು ಸೋತ ಮೇಲೆ ಪೆಟ್ಟಿಗೆಗಳು ನಾನ್‌ಕಿಂಗಿಗೆ ಮರಳಿದುವಾದರೂ ಅಣ್ಣತಮ್ಮಂದಿರ ಯುದ್ಧವು ಆರಂಭವಾಯಿತು. ಚಿಯಾಂಗ್ ಕೈ ಶೇಕರ ಸರಕಾರವು ಸೋಲುವ ಹಂತಕ್ಕೆ ಬಂದಾಗ, 1948ರ ಕೊನೆಯಿಂದ 1949ರ ಆರಂಭದ ವರೆಗೆ ಅರಮನೆಯ 2,972 ಪೆಟ್ಟಿಗೆಗಳನ್ನು ಹಡಗುಗಳಲ್ಲಿ ಥೈವಾನಿಗೆ ಒಯ್ಯಿತು. ಅವುಗಳಿಗಾಗಿ 1965ರಲ್ಲಿ ಥೈಪೆಯಲ್ಲಿ ಒಂದು ಭವ್ಯ ಸಂಗ್ರಹಾಲಯವು ಎದ್ದಿತು. ಅಲ್ಲಿ ಜನರು ಮುಗಿಬಿದ್ದು ನೋಡುವ ವಸ್ತುಗಳು ಎರಡು: ಹಸಿರು ಬಿಳುಪು ಬಣ್ಣದ ಒಂದೇ ಕಲ್ಲಿನಲ್ಲಿ ಎಲೆಯ ಮೇಲೆ ಮಿಡತೆ ಕುಳಿತಂತೆ ಕೆತ್ತಿದ ಚೀನೀ ಕೋಸು, ಬೇಯಿಸಿದ ಮಾಂಸದ ತುಂಡೆಂದೇ ಭ್ರಮೆಗೊಳಿಸುವ ಇನ್ನೊಂದು ಕಲ್ಲು. ಬೀಜಿಂಗಿನಲ್ಲಿ ಇಂದು 18 ಲಕ್ಷಕ್ಕೂ ಮಿಕ್ಕಿದ ವಸ್ತುಗಳಿವೆ. ಥೈಪೆಯಲ್ಲಿ ಸುಮಾರು 7 ಲಕ್ಷ.

ಹೀಗೆ ಒಂದು ಮನೆಯ ಪಾತ್ರೆಗಳು ಪಾಲಾದವು. ಪಾಲುಗಾರರಲ್ಲಿ ಪ್ರತಿಯೊಬ್ಬನೂ ತಾನೇ ಮನೆತನದ ನಿಜವಾದ ವಾರಸುದಾರನೆಂದು ವಾದಿಸುವುದು ಅವಿಭಕ್ತ ಕುಟುಂಬಗಳ ವ್ಯಾಜ್ಯ ಕಂಡ ನಮಗೆ ಹೊಸದಲ್ಲ. ಚಕ್ರವರ್ತಿಯ ಭಂಡಾರವು ಯಾರ ಕೈಯಲ್ಲಿರುವುದೋ ಅವರೇ ಚೀನದ ಸಂಸ್ಕೃತಿಗೆ ಒಡೆಯರೆಂಬ ಭಾವನೆಯು ಎರಡೂ ಕಡೆ ಇದ್ದಿತು. ಹಾಂಗ್‌ಕಾಂಗಿನ ನೂತನ ಸಂಗ್ರಹಾಲಯವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು.

ಕೇಳದೆ ಕೊಟ್ಟ ಕೊಡುಗೆ

2016ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಸರಕಾರದ ಪ್ರಧಾನ ಕಾರ್ಯದರ್ಶಿಯಾಗಿದ್ದ ಕ್ಯಾರಿ ಲಾಮ್ ಅವರು ಬೀಜಿಂಗಿನಲ್ಲಿ ಈ ಯೋಜನೆಯನ್ನು ಪ್ರಕಟಿಸಿದರು. ಆ ವರೆಗೆ ನಗರದ ಜನರಿಗೆ ಇದರ ಸುಳಿವಿರಲಿಲ್ಲ. ಸಾರ್ವಜನಿಕರ ಅಭಿಪ್ರಾಯವನ್ನು ಕೇಳುವ ಕಾರ್ಯ ಆರಂಭವಾದುದು ಮುಂದಿನ ಜನವರಿಯಲ್ಲಿ, ಅಂದರೆ ಪ್ರಕಟಣೆಯ ಅನಂತರ. ವಾಸ್ತುಶಿಲ್ಪಿಯನ್ನು ಸ್ಪರ್ಧೆಯಿಲ್ಲದೆ ನೇರವಾಗಿ ನೇಮಿಸಿದುದೂ ಟೀಕೆಗೆ ಗುರಿಯಾಯಿತು. ಮದುವೆ ನಿಶ್ಚಯವಾಗಿ ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದಂತಾಯಿತೆಂದು ನಮ್ಮ ಕಡೆಯವರಾದರೆ ಹೇಳುತ್ತಿದ್ದರು.

ಹಣದ ವಿಚಾರವಾದರೋ, ಸರಕಾರದ ಬೊಕ್ಕಸದ ಮೇಲೆ ಹೊರೆ ಬೀಳಲಿಲ್ಲ. ಕಟ್ಟುವ ಖರ್ಚಿಗಾಗಿ 350 ಕೋಟಿ ಹಾಂಗ್‌ಕಾಂಗ್ ಡಾಲರುಗಳನ್ನು ಅಲ್ಲಿಯ ಜಾಕಿ ಕ್ಲಬ್ಬಿನ ದಾನನಿಧಿಯು ಕೊಟ್ಟಿತು. ಕುದುರೆ ರೇಸಿನ ಬಾಜಿಯಲ್ಲಿ ಜನರು ಕಳೆದುಕೊಂಡ ಹಣವು ಜನರಿಗೇ ಕಲಾಭವನವಾಗಿ ಮರಳಿತೆಂದು ಇದನ್ನು ಹೇಳಬಹುದು. ಹಾಗೆಂದು ಹಣ ಕೊಟ್ಟವರಿಗಿಂತ ಹಣ ಕಳೆದುಕೊಂಡವರಿಗೆ ಆ ಕಟ್ಟಡದ ಮೇಲೆ ಕಡಿಮೆ ಹಕ್ಕಿರುವುದೆಂದು ಹೇಳಲು ಬಾರದು.

ಈ ನಡುವೆ ನಗರದ ಸ್ಥಿತಿಯೂ ಬದಲಾಯಿತು. 2019ರಲ್ಲಿ ಭಾರೀ ಜನಾಂದೋಲನ ನಡೆಯಿತು. 2020ರ ಜೂನ್ 30ರಂದು ರಾಷ್ಟ್ರೀಯ ಭದ್ರತಾ ಕಾಯಿದೆಯು ಜಾರಿಗೆ ಬಂದಿತು. ನೆರೆಯಲ್ಲಿಯೇ ‘ಎಮ್ ಪ್ಲಸ್’ ಎಂಬ ಆಧುನಿಕ ಕಲೆಯ ಸಂಗ್ರಹಾಲಯವು 2021ರ ನವೆಂಬರದಲ್ಲಿ ತೆರೆಯಿತು. ತಿಯಾನನ್‌ಮೆನ್ ಕುರಿತಾದ ಆಯ್ ವೇವೇ ಅವರ ಒಂದು ಛಾಯಾಚಿತ್ರವು ಅದರ ಸಂಗ್ರಹದಲ್ಲಿದ್ದರೂ ಪ್ರದರ್ಶನಕ್ಕೆ ಬರಲಿಲ್ಲ. ಆದುದರಿಂದ, ಹೊಸದನ್ನು ಮುಚ್ಚಿ ಹಳೆಯದನ್ನು ಮೆರೆಸುವ ಉಪಾಯವಿದು ಎಂದು ಕೆಲವರು ಅರಮನೆಯ ಸಂಗ್ರಹಾಲಯವನ್ನು ಶಂಕಿಸುವರು. ಚಕ್ರವರ್ತಿಗಳ ಚಿತ್ರಗಳು ಇಂದಿನ ಆಳರಸರನ್ನು ಪ್ರಶ್ನಿಸುವುದಿಲ್ಲವಷ್ಟೆ!

ಈ ಶಂಕೆಯಲ್ಲಿ ಸತ್ಯಾಂಶವಿಲ್ಲವೆನ್ನಲಾರೆವು. ಬಹುಮಾನದ ಹೆಸರಿನಲ್ಲಿ ಬಂದ ವಸ್ತುಗಳೂ ಬಹುಮಾನವಲ್ಲ, ಎರವಲು. ನಿಯತ ಕಾಲ ಕಳೆದ ಮೇಲೆ ಬೀಜಿಂಗಿಗೆ ಹಿಂದಿರುಗಬೇಕು. ಹಳೆಯ ಚಿತ್ರಗಳು ಬೆಳಕಿಗೆ ಬಾಡುವುದರಿಂದ ಕೆಲವು ವಾರ ತೋರಿಸಿ, ಆಮೇಲೆ ವರ್ಷಗಟ್ಟಲೆ ಕತ್ತಲೆಯಲ್ಲಿ ವಿಶ್ರಾಂತಿ ಕೊಡಬೇಕಾಗುವುದೂ ನಿಜ. ಕೊಡುವವನು ಒಬ್ಬನೇ ಆದಾಗ ಪಡೆಯುವವನ ಸ್ವಾತಂತ್ರ್ಯ ಎಷ್ಟೆಂಬುದು ವಿಚಾರಾರ್ಹ. ಸ್ಥಳೀಯ ಸಂಗ್ರಾಹಕರು ಪುರಾತನ ಸುವರ್ಣವಸ್ತುಗಳೇ ಮೊದಲಾದುವನ್ನು ಈ ಸಂಸ್ಥೆಗೆ ದಾನಮಾಡಿರುವುದು ಈ ದೃಷ್ಟಿಯಿಂದ ಶುಭಸೂಚನೆ. ಸ್ವಂತ ಪಾತ್ರೆಗಳಿಲ್ಲದ ಅಡುಗೆಮನೆಯಲ್ಲಿ ಸ್ವಂತ ರುಚಿ ಹುಟ್ಟುವುದು ಕಷ್ಟ.

ಚಿತ್ರದೊಳಗಿನ ಮಾಣಿ

ಆದರೂ ಆಳುವವರ ಉದ್ದೇಶವೇ ನೋಡುವವನ ಅನುಭವವನ್ನು ಪೂರ್ತಿಯಾಗಿ ನಿರ್ಣಯಿಸುವುದೆಂದು ನಾವು ನಂಬುವುದಿಲ್ಲ. ಇದಕ್ಕೆ ಒಂದು ಉದಾಹರಣೆಯನ್ನು ಕೊಡುವೆವು.

ಬೀಜಿಂಗ್ ಭಂಡಾರದ ಅತ್ಯಂತ ಪ್ರಸಿದ್ಧ ಚಿತ್ರವನ್ನು ಚಾಂಗ್ ತ್ಸೆ ತುವಾನ್ ಎಂಬವನು ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಬರೆದನು. ಐದು ಮೀಟರಿಗೂ ಮಿಕ್ಕಿ ಉದ್ದವಾದ ಈ ರೇಷ್ಮೆಯ ಸುರುಳಿಯಲ್ಲಿ ನದಿಯ ದಂಡೆಯ ಒಂದು ರಾಜಧಾನಿಯ ಬೀದಿಗಳಿವೆ. ಪು ಯಿಯು ಹೊರಗೆ ಸಾಗಿಸಿದ ಸುರುಳಿಗಳಲ್ಲಿ ಇದೂ ಒಂದಾಗಿದ್ದು, ಯುದ್ಧಾನಂತರ ಈಶಾನ್ಯ ಚೀನದಲ್ಲಿ ಸಿಕ್ಕಿತು. 2007ರಲ್ಲಿ, ನೂತನ ಸಂಗ್ರಹಾಲಯದ ಕಲ್ಪನೆಗಿಂತ ಬಹು ಮೊದಲೇ, ಹಾಂಗ್‌ಕಾಂಗಿನ ಹಳೆಯ ಕಲಾಸಂಗ್ರಹಾಲಯದಲ್ಲಿ ಇದನ್ನು ತೋರಿಸಿದ್ದರು. ಆ ಚಿತ್ರದಲ್ಲಿ ಸಿಂಹಾಸನವಿಲ್ಲ, ದರಬಾರಿಲ್ಲ. ದೋಣಿ ಎಳೆಯುವವರು, ಹೊರೆಯಾಳುಗಳು, ಒಂಟೆಗಳು, ಚಹದಂಗಡಿಗಳು, ಊಟದ ಮನೆಗಳು ಇವೆ. ಒಂದು ಊಟದ ಮನೆಯಿಂದ ಕೈಯಲ್ಲಿ ಬಟ್ಟಲುಗಳನ್ನು ಹಿಡಿದು ಗಿರಾಕಿಯ ಕಡೆಗೆ ಹೊರಟ ಒಬ್ಬ ಆಳಿದ್ದಾನೆ. ಅವನು ನಮ್ಮ ಮಾಣಿಯೇ ಸರಿ! ಅರಸರು ಗುಟ್ಟಾಗಿ ಬಚ್ಚಿಟ್ಟು ನೋಡಿದ ಚಿತ್ರದಲ್ಲಿ ಶಾಶ್ವತವಾಗಿ ಬದುಕಿರುವವನು ಆ ಮಾಣಿ. ಅವನನ್ನು ಕಂಡು ಗುರುತಿಸತಕ್ಕವರು ಆಸ್ಥಾನಿಕರಿಗಿಂತ ಮಿಗಿಲಾಗಿ ಟೇಬಲು ಒರೆಸಿದವರು.

ಸಾರ್ವಜನಿಕ ಸಂಗ್ರಹಾಲಯದ ಸಮರ್ಥನೆ ಇಲ್ಲಿದೆ. ಅದನ್ನು ಯಾರು, ಯಾವ ಲಾಭಕ್ಕಾಗಿ ತೆರೆದರೆಂಬುದನ್ನು ಕೇಳುವುದು ಪ್ರಜೆಯ ಕರ್ತವ್ಯ. ತೆರೆದ ಬಾಗಿಲನ್ನು ಹೊಕ್ಕು ತನ್ನ ಕಣ್ಣಿನಿಂದಲೇ ನೋಡುವುದು ಅವನ ಹಕ್ಕು. ಆ ಹಕ್ಕು ನಡೆಯಬೇಕಾದರೆ ಬಾಗಿಲು ದುಡಿಯುವವನಿಗೂ ತೆರೆದಿರಬೇಕು. ಹಾಂಗ್‌ಕಾಂಗಿನಲ್ಲಿ ಆರಂಭದ ಸಾಮಾನ್ಯ ಟಿಕೆಟು 50 ಡಾಲರು ಇದ್ದು, ಮೊದಲ ವರ್ಷ ಬುಧವಾರಗಳಲ್ಲಿ ಉಚಿತ ಪ್ರವೇಶವಿಟ್ಟಿದ್ದರು. ವಾರದ ಮಧ್ಯೆ ರಜೆ ದೊರೆಯುವ ಕೂಲಿಕಾರನಿಗೆ ಈ ಬುಧವಾರವು ಎಷ್ಟೋ ಭಾಷಣಗಳಿಗಿಂತ ಮೇಲು.

ನಮ್ಮ ಮನೆಯ ಬಾಗಿಲು

ದೂರದ ಬಂದರಿನ ವಿಚಾರ ನಮಗೇಕೆಂದು ವಾಚಕರು ಕೇಳಬಹುದು. ಆ ಬಂದರು ನಮ್ಮವರಿಗೆ ಅಷ್ಟು ದೂರವಲ್ಲ. ಕೌಲೂನಿಗೂ ಹಾಂಗ್‌ಕಾಂಗ್ ದ್ವೀಪಕ್ಕೂ ನಡುವೆ ಇಂದೂ ಓಡಾಡುವ ಸ್ಟಾರ್ ಫೆರಿ ದೋಣಿಗಳ ಕಂಪೆನಿಯನ್ನು 1888ರಲ್ಲಿ ಹುಟ್ಟಿಸಿದವನು ದೊರಾಬ್ಜಿ ನವರೋಜಿ ಎಂಬ ಪಾರ್ಸಿ. ರೊಟ್ಟಿ ಬೇಯಿಸುವ ಕಸುಬು, ಹೋಟೆಲು ಇವುಗಳಿಂದ ಮೇಲೆ ಬಂದವನು. ಹಂಪೆಯ ಉತ್ಖನನದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಸರ್ ರತನ್ ಟಾಟಾ ಮತ್ತು ಸರ್ ದೊರಾಬ್ಜಿ ಟಾಟಾ ಅವರು ಸಂಗ್ರಹಿಸಿದ ಚೀನೀ ಪಿಂಗಾಣಿ, ಹಸಿರುಕಲ್ಲಿನ ಕೆತ್ತನೆ, ನಶ್ಯದ ಕುಪ್ಪಿಗಳು ಇವೆ. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿಯೂ ಚೀನೀ ವಸ್ತುಗಳಿಗೆ ಸ್ಥಾನವಿದೆ. ದಿಲ್ಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಆರೆಲ್ ಸ್ಟೀನರು ತುನ್‌ಹ್ವಾಂಗ್ ಗುಹೆಗಳಿಂದ ತಂದ ಬೌದ್ಧ ಚಿತ್ರಪಟಗಳಿವೆ.

ಕೊನೆಯದಾಗಿ ಇನ್ನೊಂದು ಸಂಗತಿ. 2025ರಲ್ಲಿ ಹಾಂಗ್‌ಕಾಂಗಿನ ಇದೇ ಸಂಗ್ರಹಾಲಯವು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಿಂದ ಮೊಗಲ್ ದರಬಾರಿನ ಕಲಾವಸ್ತುಗಳನ್ನು ತರಿಸಿ ಪ್ರದರ್ಶಿಸಿತು. ನಮ್ಮ ದೇಶದ ಕುಶಲಕರ್ಮಿಗಳ ಕೈಕೆಲಸ, ಆಂಗ್ಲರ ಭಂಡಾರದಲ್ಲಿ ವಾಸ, ಚೀನೀಯರ ನಗರದಲ್ಲಿ ಮೆರವಣಿಗೆ! ವಸ್ತುಗಳು ಬಲವುಳ್ಳವನ ಮನೆಯಲ್ಲಿ ಸೇರುವುವೆಂಬ ನಿಯಮಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಯಾರ ಸೊತ್ತು ಎಂಬ ಪ್ರಶ್ನೆಯನ್ನು ಚೀನೀಯರ ಕುರಿತು ಕೇಳುವಾಗ ನಮ್ಮ ಕುರಿತೂ ಕೇಳಿಕೊಳ್ಳಬೇಕಾಗುವುದು.

ನಾವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾಲದಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗನು ನಮ್ಮಲ್ಲಿ ಮಾಣಿಯಾಗಿದ್ದನು. ಒಂದು ರಜಾದಿನ ಅವನನ್ನು ಒತ್ತಾಯದಿಂದ ಮುಂಬಯಿಯ ಸಂಗ್ರಹಾಲಯಕ್ಕೆ ಕಳುಹಿಸಿದೆವು. “ಅದು ಸಾಹೇಬರ ಜಾಗ, ಒಳಗೆ ಬಿಡಲಿಕ್ಕಿಲ್ಲ ಅಣ್ಣಾ” ಎಂದು ಅಂಜುತ್ತ ಹೋದವನು ಸಂಜೆ ಮರಳಿ ಬಂದು, “ಅಣ್ಣಾ, ಇನ್ನೂರು ಮುನ್ನೂರು ವರ್ಷದ ಬಟ್ಟಲುಗಳು, ಒಂದಕ್ಕೂ ಅಂಚು ಹೋಗಲಿಲ್ಲ. ತೊಳೆದವರು ಯಾರೋ!” ಎಂದನು. ಯಾವ ಪಂಡಿತನೂ ಕೇಳದ ಪ್ರಶ್ನೆಯನ್ನು ಅವನು ಕೇಳಿದನು. ಅರಸನು ಕೊಂಡುದನ್ನು ಚರಿತ್ರೆಯು ಬರೆದಿಟ್ಟಿದೆ. ಮಾಡಿದವನನ್ನೂ, ತೊಳೆದವನನ್ನೂ, ಹೊತ್ತವನನ್ನೂ ಬರೆದಿಡಲಿಲ್ಲ.

ಹಾಂಗ್‌ಕಾಂಗಿನ ಸಂಗ್ರಹಾಲಯವು ಆಳುವವರ ಕನ್ನಡಿಯಾಗಿ ಉಳಿಯುವುದೋ, ಆ ನಗರದ ಜನರ ಮನೆಯಾಗಿ ಬೆಳೆಯುವುದೋ ಎಂಬುದು ಅಲ್ಲಿ ಏನನ್ನು ತೋರಿಸಲು, ಏನನ್ನು ಕೇಳಲು ಅನುಮತಿ ದೊರೆಯುವುದೆಂಬುದನ್ನು ಹೊಂದಿಕೊಂಡಿರುವುದು. ನಮ್ಮ ನಗರಗಳ ಸಂಗ್ರಹಾಲಯಗಳ ಬಾಗಿಲಂತೂ ತೆರೆದೇ ಇದೆ. ಮುಂದಿನ ರಜೆಯಲ್ಲಿ ಅರ್ಧ ದಿನವನ್ನು ಅದಕ್ಕಾಗಿ ಮೀಸಲಿಡಿರಿ. ಅಂಜದೆ ಒಳಹೊಕ್ಕು ನೋಡಿರಿ. ತೊಳೆದವರು ಯಾರೆಂದು ಕೇಳಿರಿ.