ಒಲಿಂಪಿಕ್ಸ್ ಇಲ್ಲದ ಕಾಲದ ನಾಯಕಿ

ಮಗಳು ಶಾಲೆಯ ತಂಡಕ್ಕೆ ಆಯ್ಕೆಯಾದಳೆಂದರೆ ಮನೆಯವರಿಗೆ ಸಂತೋಷವೇ. ಜಿಲ್ಲಾ ಮಟ್ಟದವರೆಗೂ ಆ ಸಂತೋಷ ಇರುತ್ತದೆ. ಹತ್ತನೆಯ ತರಗತಿಗೆ ಬಂದಳೋ, ಜಗಲಿಯಲ್ಲಿ ಕುಳಿತ ಹಿರಿಯರೊಬ್ಬರು ಕೇಳಿಯೇ ಬಿಡುತ್ತಾರೆ: “ಆಡಿ ಎಂತ ಮಾಡೂಕಿತ್ತ್?” ಕುಂದಾಪುರ, ಬೈಂದೂರು, ಬ್ರಹ್ಮಾವರ, ಎಲ್ಲಿ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರನ್ನು ದೂರುವಂತೆಯೂ ಇಲ್ಲ. ಕಬಡ್ಡಿ, ವಾಲಿಬಾಲ್‌ಗಾದರೆ ಕೊಯ್ಲಾದ ಗದ್ದೆ ಸಾಕು. ಹಾಕಿ ಎಂದರೆ ಕೊಡಗಿನವರ, ಬೆಂಗಳೂರಿನವರ ಆಟ ಎಂದೇ ನಮ್ಮವರ ಭಾವನೆ.

ಈ ಪ್ರಶ್ನೆಗೆ ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಅವರ ಬದುಕಿನಲ್ಲಿ ಒಂದು ಉತ್ತರವಿದೆ. ಎಲ್ವೆರಾ, ರೀಟಾ, ಮೇ ಎಂಬ ಮೂವರು ಅಕ್ಕತಂಗಿಯರು ಒಟ್ಟಿಗೆ ಹಾಕಿ ಆಡಿದವರು. 1960ರಿಂದ 1967ರವರೆಗೆ ಅಂದಿನ ಮೈಸೂರು ರಾಜ್ಯ ತಂಡಕ್ಕೆ ಎಲ್ವೆರಾ ನಾಯಕಿ. ಆ ವರ್ಷಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ ಎಂದರೆ ಮೈಸೂರಿಗೇ ಎಂಬಂತಾಗಿತ್ತು. ಭಾರತದ ಪರವಾಗಿ ಅವರು ಆಸ್ಟ್ರೇಲಿಯಾ, ಜಪಾನ್, ಶ್ರೀಲಂಕಾ ವಿರುದ್ಧ ಆಡಿದರು. 1965ರ ಅರ್ಜುನ ಪ್ರಶಸ್ತಿ ಬಂತು. ಅವರಿಗಿಂತ ಮೊದಲು ಅದನ್ನು ಪಡೆದಿದ್ದ ಹಾಕಿ ಆಟಗಾರ್ತಿ ಆನ್ ಲಮ್ಸ್‌ಡೆನ್ ಒಬ್ಬರೇ.

ಆದರೆ ಒಲಿಂಪಿಕ್ಸ್? ಅದು ಅವರಿಗೆ ಇರಲೇ ಇಲ್ಲ. 1964ರ ಟೋಕಿಯೊದಲ್ಲಿ ನಮ್ಮ ಪುರುಷರು ಪಾಕಿಸ್ತಾನವನ್ನು ಸೋಲಿಸಿ ಚಿನ್ನ ಗೆದ್ದಾಗ ಎಲ್ವೆರಾ ಆಟದ ಉತ್ತುಂಗದಲ್ಲಿದ್ದರು. ಅಲ್ಲಿ ಮಹಿಳೆಯರಿಗೆ ಹಾಕಿ ಸ್ಪರ್ಧೆಯೇ ಇರಲಿಲ್ಲ! ಅದು ಸೇರಿದ್ದು 1980ರ ಮಾಸ್ಕೋದಲ್ಲಿ. ಅಷ್ಟು ಹೊತ್ತಿಗೆ ಅವರು ನಲವತ್ತರ ಹೊಸ್ತಿಲಲ್ಲಿದ್ದರು. ಮಾಸ್ಕೋದಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ ಸಿಕ್ಕಿತು. ಮತ್ತೆ ನಮ್ಮ ಮಹಿಳಾ ತಂಡ ಒಲಿಂಪಿಕ್ಸ್ ಕಂಡದ್ದು 36 ವರ್ಷಗಳ ನಂತರ, 2016ರ ರಿಯೋದಲ್ಲಿ.

ಎಲ್ವೆರಾ ಮಾತ್ರ ಆಟ ಮುಗಿಯಿತೆಂದು ಮೈದಾನ ಬಿಡಲಿಲ್ಲ. ತಂಡದ ಮ್ಯಾನೇಜರ್ ಆದರು, ಆಯ್ಕೆಗಾರ್ತಿಯಾದರು, ಎಂಟು ವರ್ಷ ರಾಜ್ಯ ಮಹಿಳಾ ಹಾಕಿ ಸಂಸ್ಥೆಯ ಅಧ್ಯಕ್ಷೆಯಾಗಿದ್ದರು. ಪದಕವಿಲ್ಲದೆಯೂ ಒಂದು ಆಟವನ್ನೇ ಜೀವನವನ್ನಾಗಿ ಮಾಡಿಕೊಂಡದ್ದು ನನಗೆ ಅರ್ಜುನ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತದೆ.

ಇಂದಿನ ಹುಡುಗಿಯರ ದಾರಿ ಬೇರೆ. ಒಡಿಶಾದ ಸುಂದರಗಢ ಜಿಲ್ಲೆಯ ದೀಪ್ ಗ್ರೇಸ್ ಎಕ್ಕಾ ಅವರಿಗೆ ಅಣ್ಣ ದಿನೇಶ್ ಎಕ್ಕಾ ಅವರಂತೆ ಗೋಲ್‌ಕೀಪರ್ ಆಗುವ ಆಸೆಯಿತ್ತು. ಭಾರತಕ್ಕೆ ಆಡಿದ್ದ ಆ ಅಣ್ಣನೇ ತಂಗಿಯನ್ನು ರಕ್ಷಣಾ ಆಟಗಾರ್ತಿಯಾಗಿಸಿದರು. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ತಡೆದವರದು ಬರುವುದು ಅಪರೂಪ. ಮನೆಯವರಿಗೂ ಇದು ಗೊತ್ತಿರಬೇಕು. 2021ರ ಆಗಸ್ಟ್ 2ರಂದು ಟೋಕಿಯೊ ಕ್ವಾರ್ಟರ್ ಫೈನಲ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದ ಗುರ್ಜಿತ್ ಕೌರ್ ಕೂಡ ರಕ್ಷಣಾ ಸಾಲಿನವರೇ, ಪೆನಾಲ್ಟಿ ಕಾರ್ನರ್ ನಿಪುಣೆ. ಉಳಿದ ಹೊತ್ತೆಲ್ಲ ಎಕ್ಕಾ ಮತ್ತು ಸಂಗಡಿಗರು ಗೋಲ್‌ಕೀಪರ್ ಸವಿತಾ ಜೊತೆ ಆ ಒಂದನ್ನು ಕಾಪಾಡಿದರು. ಕೊನೆಗೆ ಬ್ರಿಟನ್ ವಿರುದ್ಧ 3-4ರಿಂದ ಸೋತು ಕಂಚು ತಪ್ಪಿತು, ಮತ್ತೆ ನಾಲ್ಕನೆಯ ಸ್ಥಾನ.

ಜಗಲಿಯ ಪ್ರಶ್ನೆಗೆ ಬರೋಣ. ರೈಲ್ವೆ ಇಲಾಖೆ ಬಹಳ ಹಿಂದಿನಿಂದಲೂ ಮಹಿಳಾ ಹಾಕಿ ಆಟಗಾರ್ತಿಯರಿಗೆ ಕೆಲಸ ಕೊಡುತ್ತ ಬಂದಿದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತದೆ. ಪ್ರವೇಶಕ್ಕೆ ಆಯ್ಕೆ ಪರೀಕ್ಷೆ ಇರುತ್ತದೆ. ನಿಮ್ಮ ಶಾಲೆಯ ದೈಹಿಕ ಶಿಕ್ಷಕರನ್ನು ಒಮ್ಮೆ ವಿಚಾರಿಸಿ. ಹಾಗೆಂದು ಓದು ಬಿಡಿಸಬೇಡಿ. ಮೊಣಕಾಲಿಗೊಂದು ಪೆಟ್ಟು ಬಿದ್ದರೆ ಆಟ ನಿಲ್ಲಬಹುದು, ಆಗ ಕೈಯಲ್ಲೊಂದು ಪದವಿ ಬೇಕು.

ಎಲ್ವೆರಾ ಬ್ರಿಟ್ಟೊ 2022ರ ಏಪ್ರಿಲ್ 26ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ 81 ವರ್ಷವಾಗಿತ್ತು. ತಾವು ಕಾಣದ ಒಲಿಂಪಿಕ್ಸ್‌ನಲ್ಲಿ ಭಾರತದ ಹುಡುಗಿಯರು ಸೆಮಿಫೈನಲ್ ಆಡಿ ಆಗ ಒಂಬತ್ತು ತಿಂಗಳೂ ಆಗಿರಲಿಲ್ಲ.